ರೊಟ್ಟಿ ಮುರಿದು ಕೊಡುತ್ತಿದ್ದ ಮೀರ್‌ಬಾಜ್ ಖಾನ್

ನಮ್ಮ ಮನೆಗೆ ಹೆಣ್ಣು ಮಗು ಬಂದಿದೆ. ಮೊನ್ನೆ ಬೆಳಿಗ್ಗೆ ಹುಟ್ಟಿತು, ಇವತ್ತು ಹನ್ನೊಂದು ಗಂಟೆಗೆ ಆಸ್ಪತ್ರೆಯಿಂದ ಮನೆಗೆ ಬಂತು. ಮೂರು ಕಿಲೋ ನೂರು ಗ್ರಾಂ ತೂಕ, ತಲೆ ತುಂಬ ಕೂದಲು, ಕಿವಿ ಮಾತ್ರ ನನ್ನದೇ. ಬಹರೈನಿನಲ್ಲಿ ಕೆಲಸದಲ್ಲಿರುವ ಮಗ ಪ್ರವೀಣನಿಗೂ ಸೊಸೆ ಸುಮಳಿಗೂ ಮದುವೆಯಾಗಿ ಹದಿನಾಲ್ಕು ವರ್ಷ. ಈ ಹದಿನಾಲ್ಕು ವರ್ಷದಲ್ಲಿ ಯಾವ ಯಾವ ದೇವರಿಗೆ ಏನೇನು ಹರಕೆ ಹೇಳಿಕೊಂಡಿದ್ದೇವೆಂದು ನನಗೂ ನನ್ನ ಹೆಂಡತಿ ಗಿರಿಜಳಿಗೂ ಈಗ ಸರಿಯಾಗಿ ನೆನಪಿಲ್ಲ. ಬೆಳಿಗ್ಗೆಯಿಂದ ಈ ಹಮದ್ ಟೌನಿನ ಕಟ್ಟಡದ ಮೆಟ್ಟಿಲನ್ನು ಆರು ಸಲ ಹತ್ತಿ ಇಳಿದೆ. ಮೇಲಿನ ಮನೆಯ ಬಹರೈನಿ ಅಮ್ಮನಿಗೆ ಲಾಡು ಕೊಟ್ಟೆ. ಅವರು "ಮಬ್ರೂಕ್, ಮಬ್ರೂಕ್" ಎನ್ನುತ್ತ ಒಂದು ತಟ್ಟೆ ಖರ್ಜೂರ ಕೈಗಿಟ್ಟರು. ಕೆಳಗೆ ಕಾರು ತೊಳೆಯುವವನಿಗೆ ಲಾಡು ಕೊಟ್ಟಾಗ ಅವನು ನಗುತ್ತ, "ಅಂಕಲ್, ಇದು ಮೂರನೇದು" ಎಂದ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆದದ್ದು ಊರಿಗೆ ಹಾಕಿದ ಕಾಗದಗಳು ಮಾತ್ರ. ಆದರೆ ಇವತ್ತು ಸುಮ ಮಗುವನ್ನು ನನ್ನ ಕೈಯಲ್ಲಿಟ್ಟು, "ಮಾವ, ಆ ಖಾನನ ಕತೆ ಬರೆದಿಡಿ. ಇವಳು ದೊಡ್ಡವಳಾದ ಮೇಲೆ ನಾನು ಓದಿ ಹೇಳ್ತೇನೆ" ಎಂದಳು. ಮಗು ಮಲಗಿದೆ. ಹಾಗಾಗಿ ಕುಳಿತಿದ್ದೇನೆ.

ಈ ಮಗುವಿಗೆ ನಾನು ಅಜ್ಜನಾಗಿರುವುದು, ಒಬ್ಬ ಮನುಷ್ಯ ನನ್ನ ಮುಂದಿನ ಎರಡು ಹಲ್ಲು ಉದುರಿಸಿದ್ದರಿಂದ.

ಅವನ ಹೆಸರು ಮೀರ್‌ಬಾಜ್ ಖಾನ್. ಎಂಬತ್ತರ ದಶಕದ ಶುರುವಿನಲ್ಲಿ, ಈ ಹಮದ್ ಟೌನ್ ಬರೀ ಮರಳಾಗಿದ್ದಾಗ, ಇಲ್ಲಿ ಮನೆ ಕಟ್ಟುತ್ತಿದ್ದ ಒಂದು ಕಂಪೆನಿಯಲ್ಲಿ ಅವನು ನಮ್ಮ ಫೋರ್‌ಮನ್. ನಾನು ಶಟರಿಂಗ್ ಬಡಗಿ, ಅಂದರೆ ಕಾಂಕ್ರೀಟು ಸುರಿಯುವುದಕ್ಕೆ ಹಲಗೆಯ ಅಚ್ಚು ಕಟ್ಟುವವನು. ಖಾನ್ ಆರಡಿಗೂ ಎತ್ತರ. ಗಡ್ಡಕ್ಕೆ ಮದರಂಗಿ ಹಚ್ಚುತ್ತಿದ್ದ, ಬಿಸಿಲಿನಲ್ಲಿ ಅದು ತಾಮ್ರದ ಹಾಗೆ ಕಾಣುತ್ತಿತ್ತು. ಬಲಗೈಯ ತೋರುಬೆರಳು ಬುಡದಿಂದಲೇ ಇರಲಿಲ್ಲ. ಆ ನಾಲ್ಕು ಬೆರಳಿನ ಕೈಯಿಂದ ಬಿದ್ದ ಏಟಿಗೆ ಐದು ಬೆರಳಿನ ಏಟಿಗಿಂತ ಹೆಚ್ಚು ಉರಿ ಎಂದು ನಮ್ಮ ಕ್ಯಾಂಪಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಎಲ್ಲರೂ ತಿಂದಿದ್ದರು. ಸೊಂಟಕ್ಕೆ ಬೆಲ್ಟು ಕಟ್ಟದೆ ಮೇಲೆ ಹತ್ತಿದವನಿಗೆ ಕೆಳಗಿಳಿದ ಕೂಡಲೇ ಕಪಾಳಕ್ಕೆ ಒಂದು. ಹಲಗೆಯ ಮೊಳೆ ಬಗ್ಗಿಸದೆ ಬಿಟ್ಟವನನ್ನು ಆ ಮೊಳೆಯ ಮೇಲೆಯೇ ಬರಿಗಾಲಿನಲ್ಲಿ ನಿಲ್ಲು ಎನ್ನುತ್ತಿದ್ದ. ಒಬ್ಬ ಮೇಸ್ತ್ರಿ ಮರಳಿಗೆ ಕಡಿಮೆ ಸಿಮೆಂಟು ಹಾಕಿದನೆಂದು ಅವನನ್ನು ಎತ್ತಿ ನೀರಿನ ತೊಟ್ಟಿಗೆ ಎಸೆದದ್ದನ್ನು ನಾನೇ ಕಂಡಿದ್ದೇನೆ.

ನನ್ನನ್ನು ಅವನು ಮದ್ರಾಸಿ ಎನ್ನುತ್ತಿದ್ದ.

"ಖಾನ್ ಭಾಯ್, ಮದ್ರಾಸು ಅಲ್ಲ, ಕುಂದಾಪುರ."

"ಕುಂದಾಪುರ ಮದ್ರಾಸಿನ ಯಾವ ಬೀದಿ?"

ಎರಡು ವರ್ಷ ಹೇಳಿದೆ. ಮೂರನೇ ವರ್ಷ ಬಿಟ್ಟುಬಿಟ್ಟೆ.

ಅವನಿಗೆ ಎರಡು ವಿಚಿತ್ರ ಅಭ್ಯಾಸಗಳಿದ್ದವು. ಒಂದು, ಊಟದ ಶೆಡ್ಡಿನ ಬಾಗಿಲಲ್ಲಿ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆ ಇಟ್ಟಿದ್ದ. ಒಳಗೆ ಹೋಗುವವರೆಲ್ಲ ಸುತ್ತಿಗೆ, ಉಳಿ, ಚೂರಿ, ಜೇಬಿನಲ್ಲಿದ್ದ ಮೊಳೆ ಸಹ ಅದಕ್ಕೆ ಹಾಕಿ ಹೋಗಬೇಕು. "ಅನ್ನ ಇರುವಲ್ಲಿಗೆ ಕಬ್ಬಿಣ ಬರಬಾರದು" ಎನ್ನುತ್ತಿದ್ದ. ಇನ್ನೊಂದು, ಬೇಕರಿಯಿಂದ ಬಂದ ಖುಬ್ಬೂಸನ್ನು, ಅಂದರೆ ಒಳಗೆ ಟೊಳ್ಳಾಗಿ ಉಬ್ಬಿದ ಅರಬ್ಬಿ ರೊಟ್ಟಿಯನ್ನು, ಅವನೇ ಎಲ್ಲರಿಗೂ ಕೊಡುತ್ತಿದ್ದ. ಇಡೀ ರೊಟ್ಟಿ ಯಾರಿಗೂ ಇಲ್ಲ. ಒಂದೊಂದನ್ನೂ ನಡುವೆ ಮುರಿದು, ಒಳಗೆ ಒಮ್ಮೆ ನೋಡಿ, ಎರಡು ತುಂಡನ್ನೂ ಅದೇ ಮನುಷ್ಯನ ಕೈಗೆ ಇಡುತ್ತಿದ್ದ. ಪ್ರೀತಿ ಇರಬೇಕು ಎಂದು ನಾನು ತಿಳಿದಿದ್ದೆ. ನನ್ನ ಕೋಣೆಯಲ್ಲಿದ್ದ ಬ್ರಹ್ಮಾವರದ ಸದಾನಂದ ಮಾತ್ರ, "ಪ್ರೀತಿಯೂ ಅಲ್ಲ ಎಂತದೂ ಅಲ್ಲ ಮಾರಾಯ, ಅವ್ನಿಗೆ ತಲೆ ಸಮ ಇಲ್ಲ" ಎನ್ನುತ್ತಿದ್ದ.

ಪೆಟ್ಟಿಗೆಯ ಬೆಲೆ ಒಂದು ಶುಕ್ರವಾರ ಮಧ್ಯಾಹ್ನ ಗೊತ್ತಾಯಿತು. ಸ್ನಾನದ ನೀರಿನ ಸರದಿಗಾಗಿ ಬೆಳಿಗ್ಗೆ ಶುರುವಾದ ಜಗಳ ಊಟದ ಹೊತ್ತಿಗೆ ಹೊಡೆದಾಟವಾಯಿತು. ಮೂವತ್ತು ಜನ. ತಟ್ಟೆಯಲ್ಲಿ ಹೊಡೆದರು, ಬೆಂಚು ಎತ್ತಿ ಹೊಡೆದರು. ಕುದಿಯುವ ದಾಲು ಒಬ್ಬನ ಬೆನ್ನಿನ ಮೇಲೆ ಚೆಲ್ಲಿತು. ಖಾನ್ ಬಿಡಿಸಲು ಬರಲಿಲ್ಲ. ಪೆಟ್ಟಿಗೆಯ ಮೇಲೆ ಕುಳಿತಿದ್ದ. ಯಾರು ಸುತ್ತಿಗೆಗೆಂದು ಆ ಕಡೆ ಬಂದರೂ ಎದೆಗೆ ಒದ್ದು ಹಿಂದೆ ಕಳಿಸುತ್ತಿದ್ದ. ಕೈಯಲ್ಲಿ ಶಕ್ತಿ ಇರುವಷ್ಟೂ ಹೊಡೆದುಕೊಂಡು ಸುಸ್ತಾಗಿ ಎಲ್ಲರೂ ಕುಳಿತರು. ಮೂರು ಮೂಗು ಮುರಿದಿದ್ದವು, ಒಬ್ಬನ ಕಿವಿ ಹರಿದು ನೇತಾಡುತ್ತಿತ್ತು. ಖಾನ್ ಎದ್ದು ನಿಂತು ಎಲ್ಲರನ್ನೂ ನೋಡಿ, "ಸತ್ತವರು ಯಾರಾದರೂ ಇದ್ದರೆ ಕೈ ಎತ್ತಿ" ಎಂದ. ಆಮೇಲೆ ಖುಬ್ಬೂಸಿನ ಚೀಲ ಬಿಚ್ಚಿದ.

ಅವನು ಈ ಅಭ್ಯಾಸ ಕಲಿತದ್ದು ಎಲ್ಲಿ ಎಂದು ತಿಳಿಯಬೇಕಾದರೆ ನಾನು ನನ್ನ ಕೆಮ್ಮಿನ ವಿಷಯ ಹೇಳಬೇಕು.

ಮೂರನೇ ವರ್ಷದ ಚಳಿಗಾಲದಲ್ಲಿ ನನಗೆ ಕೆಮ್ಮು ಹಿಡಿಯಿತು. ಸಂಜೆಯಾದರೆ ಮೈ ಬಿಸಿ, ಬೆಳಿಗ್ಗೆ ಬನಿಯನ್ ಬೆವರಿನಿಂದ ಒದ್ದೆ. ಪ್ಯಾಂಟಿಗೆ ಹಗ್ಗ ಕಟ್ಟಬೇಕಾದಷ್ಟು ಇಳಿದೆ. ಒಂದು ದಿನ ಕರವಸ್ತ್ರದಲ್ಲಿ ರಕ್ತ ಕಂಡಿತು. ಅದೇ ತಿಂಗಳು ನನ್ನ ವೀಸಾ ರಿನ್ಯೂ ಆಗಬೇಕಿತ್ತು. ಅದಕ್ಕೆ ಮೆಡಿಕಲ್, ಮೆಡಿಕಲ್ಲಿಗೆ ಎದೆಯ ಎಕ್ಸ್‌ರೇ. ಎದೆಯಲ್ಲಿ ಕಲೆ ಕಂಡರೆ ಪಾಸ್‌ಪೋರ್ಟಿಗೆ ಮುದ್ರೆ ಹೊಡೆದು ಊರಿಗೆ ಕಳಿಸುತ್ತಾರೆ, ಮತ್ತೆ ಈ ಕಡೆ ತಲೆ ಹಾಕುವಂತಿಲ್ಲ ಎಂಬುದು ಕ್ಯಾಂಪಿನಲ್ಲಿ ಎಲ್ಲರ ಬಾಯಲ್ಲಿದ್ದ ಮಾತು. ಹಿಂದಿನ ರಜೆ ಮುಗಿಸಿ ನಾನು ಬಂದ ಮೇಲೆ ಊರಿನಲ್ಲಿ ಗಿರಿಜ ಹೆತ್ತಿದ್ದಳು. ಮಗನಿಗೆ ಎಂಟು ತಿಂಗಳು. ನಾನು ಕಂಡದ್ದು ಒಂದು ಫೋಟೋ ಮಾತ್ರ, ಅದರಲ್ಲೂ ಅವನು ಆಕಳಿಸುತ್ತಿದ್ದ. ರಿನ್ಯೂ ಆದ ಕೂಡಲೇ ರಜೆ, ಟಿಕೇಟು ಆಗಲೇ ಕೈಗೆ ಬಂದಿತ್ತು.

ಸದಾನಂದನೇ ದಾರಿ ಹೇಳಿದ್ದು. "ಹೆದ್ರೂದ್ ಎಂತಕೆ? ನನ್ನ ಎದೆ ಗಟ್ಟಿ ಇತ್ತಲ್ಲ. ನಿನ್ನ ಹೆಸ್ರಲ್ಲಿ ನಾನು ಹೋಗಿ ನಿಲ್ತೆ."

ಇದು ಅವನೇ ಹೊಸದಾಗಿ ಕಂಡುಹಿಡಿದ ಉಪಾಯವಲ್ಲ, ಕ್ಯಾಂಪುಗಳಲ್ಲಿ ನಡೆಯುತ್ತಿದ್ದದ್ದೇ. ಪಾಸ್‌ಪೋರ್ಟಿನ ಸಣ್ಣ ಕಪ್ಪು ಬಿಳುಪು ಫೋಟೋದಲ್ಲಿ ನಮ್ಮ ಕಡೆಯ ಗಂಡಸರೆಲ್ಲ ಒಂದೇ ಮೀಸೆ. ಸದಾನಂದ ನನ್ನ ಅಂಗಿ ಹಾಕಿಕೊಂಡು ಹೋದ, ನನ್ನ ಅಪ್ಪನ ಹೆಸರು ಬಾಯಿಪಾಠ ಮಾಡಿಕೊಂಡು ಹೋದ. ಒಂದು ವಾರದಲ್ಲಿ ನಾರಾಯಣನ, ಅಂದರೆ ನನ್ನ, ಎದೆ ಚೊಕ್ಕವಾಗಿದೆ ಎಂಬ ಕಾಗದ ಬಂತು. ನಾನು ಕೋಣೆಯವರಿಗೆಲ್ಲ ಹಲ್ವಾ ಹಂಚಿದೆ. ಸದಾನಂದನಿಗೆ ಎರಡು ಪಾಲು. ಗುರುವಾರ ಬೆಳಿಗ್ಗೆ ವಿಮಾನ.

ಸೋಮವಾರ ನಾನು ಎರಡನೇ ಮಹಡಿಯ ಹಲಗೆಯ ಮೇಲೆ ಇದ್ದೆ. ಕೆಮ್ಮು ಬಂತು. ಕೆಳಗೆ ಖಾನ್ ಯಾರಿಗೋ ಬೈಯುತ್ತಿದ್ದವನು ಬೈಗುಳ ಅರ್ಧಕ್ಕೇ ನಿಲ್ಲಿಸಿ ಮೇಲೆ ನೋಡಿದ.

"ಇಳಿ."

ಇಳಿದೆ.

"ಯಾವಾಗಿನಿಂದ?"

"ಧೂಳು ಖಾನ್ ಭಾಯ್. ಸಿಮೆಂಟಿನದ್ದು."

"ಸಿಮೆಂಟಿನ ಕೆಮ್ಮು ನನಗೆ ಗೊತ್ತು. ಇದು ಅದಲ್ಲ. ಇದರ ಜೊತೆ ನಾನು ಎರಡು ಚಳಿಗಾಲ ಮಲಗಿದ್ದೇನೆ."

ನನ್ನ ಜೇಬಿಗೆ ಕೈ ಹಾಕಿ ಕರವಸ್ತ್ರ ಎಳೆದ. ಅದನ್ನು ಬಿಚ್ಚಿ ನೋಡಿದ. ನಾನು ಅಂಗಿಯ ಜೇಬಿನಿಂದ ಮೆಡಿಕಲ್ ಕಾಗದ ತೆಗೆದು ಕೊಟ್ಟೆ. ಅವನಿಗೆ ಓದಲು ಬರುತ್ತಿರಲಿಲ್ಲ, ಆದರೆ ಮುದ್ರೆ ಗೊತ್ತಾಗುತ್ತಿತ್ತು. ಕಾಗದವನ್ನೂ ರಕ್ತವನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು, "ಈ ಕಾಗದದಲ್ಲಿರುವುದು ಯಾರ ಎದೆ?" ಎಂದ.

ಬಕೆಟು ಹಿಡಿದು ನಿಂತಿದ್ದ ಸದಾನಂದ ನಡುವೆ ಬಾಯಿ ಹಾಕಿದ. "ಅವನದ್ದೇ ಖಾನ್ ಸಾಬ್. ನಾನೇ ಜೊತೆಗೆ ಹೋಗಿದ್ದೆ."

ಖಾನ್ ನನ್ನ ಮೀಸೆ ನೋಡಿದ, ಅವನ ಮೀಸೆ ನೋಡಿದ. ಸದಾನಂದನ ಕುತ್ತಿಗೆಯನ್ನೂ ಸೊಂಟವನ್ನೂ ಹಿಡಿದು ಎತ್ತಿ ಮರಳಿನ ರಾಶಿಗೆ ಎಸೆದ. ಬಕೆಟು ಒಂದು ಕಡೆ, ಅವನು ಒಂದು ಕಡೆ. ಆಮೇಲೆ ನನ್ನ ಕಡೆ ತಿರುಗಿದ.

ನಾನು ಕೈ ಮುಗಿದೆ. "ಗುರುವಾರ ಟಿಕೇಟು ಖಾನ್ ಭಾಯ್. ಮಗನನ್ನು ನಾನು ಇನ್ನೂ ನೋಡಿಲ್ಲ. ಒಮ್ಮೆ ನೋಡಿ ಬರುತ್ತೇನೆ. ಬಂದ ಮೇಲೆ ಏನು ಮದ್ದು ಬೇಕಾದರೂ ಮಾಡುವ."

"ನೋಡಿ ಏನು ಮಾಡ್ತೀ?"

"ಎತ್ತಿಕೊಳ್ಳುತ್ತೇನೆ."

"ಎತ್ತಿಕೊಂಡು?"

"ಮುದ್ದು ಮಾಡುತ್ತೇನೆ. ಮುತ್ತು ಕೊಡುತ್ತೇನೆ."

ಆಗ ಬಿತ್ತು ಏಟು. ಕಪಾಳಕ್ಕಲ್ಲ, ಮುಷ್ಟಿ ಕಟ್ಟಿ ಬಾಯಿಗೇ. ನಾನು ಬಿದ್ದೆ. ಮರಳಿನಲ್ಲಿ ಉಗಿದಾಗ ರಕ್ತದ ಜೊತೆ ಎರಡು ಹಲ್ಲು ಇದ್ದವು. ನನ್ನ ಜೇಬಿನಲ್ಲಿದ್ದ ಟಿಕೇಟನ್ನು ಅವನು ಹೊರಗೆಳೆದ. ರೊಟ್ಟಿ ಮುರಿಯುವ ಹಾಗೆಯೇ ಅದನ್ನು ನಡುವೆ ಹರಿದು ಎರಡು ತುಂಡನ್ನೂ ನನ್ನ ಕೈಗೆ ಇಟ್ಟ. ನಾನು ಎದ್ದು ಅವನ ಮೇಲೆ ಬಿದ್ದೆ. ಕೈಗೆ ಸಿಕ್ಕಿದ ಪೈಪಿನ ತುಂಡಿನಿಂದ ಅವನ ಹೆಗಲಿಗೆ ಹೊಡೆದೆ. ಕೊಂದೇ ಬಿಡಬೇಕು ಎಂದೇ ಹೊಡೆದೆ, ಸುಳ್ಳು ಹೇಳುವುದಿಲ್ಲ. ಅವನು ಹೊಡೆಸಿಕೊಂಡ. ಪೈಪು ನನ್ನ ಕೈಯಿಂದ ತಾನಾಗಿ ಜಾರಿದ ಮೇಲೆ ನನ್ನನ್ನು ಹೆಗಲಿಗೆ ಹಾಕಿಕೊಂಡು ಪಿಕಪ್ಪಿನಲ್ಲಿ ಕೂರಿಸಿದ. ಮರಳಿನ ರಾಶಿಯಿಂದ ಸದಾನಂದನನ್ನೂ ಎಬ್ಬಿಸಿ ಹಿಂದೆ ಹತ್ತಿಸಿದ.

ಸರಕಾರಿ ಆಸ್ಪತ್ರೆಯ ಬೆಂಚಿನಲ್ಲಿ ಬಾಯಿಗೆ ಬಟ್ಟೆ ಒತ್ತಿಕೊಂಡು ಕುಳಿತಿದ್ದಾಗ ಅವನು ತನ್ನ ಊರಿನ ಒಂದು ಕೋಟೆಯ ಕತೆ ಹೇಳಿದ. ಅದುವರೆಗೆ ಅವನು ಒಟ್ಟಿಗೆ ಹತ್ತು ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ.

ಅವನ ಊರು ಪಾಕಿಸ್ತಾನದ ಗಡಿಯ ಗುಡ್ಡಗಳಲ್ಲಿ. ಊರಿನ ಮೇಲೆ, ಗಾಳಿ ಬಿಟ್ಟರೆ ಏನೂ ಇಲ್ಲದ ಒಂದು ದಿಣ್ಣೆಯ ನೆತ್ತಿಯಲ್ಲಿ, ಬಿಳಿಯರ ಸೈನ್ಯ ಕಟ್ಟಿದ ಕೋಟೆ. ಗುಡ್ಡದ ಜನರನ್ನು ಹತೋಟಿಯಲ್ಲಿಡಲು ಕಟ್ಟಿದ್ದು. ಎರಡಾಳು ಅಗಲದ ಗೋಡೆ, ಗೋಡೆಯುದ್ದಕ್ಕೂ ಬಂದೂಕು ತೂರಿಸುವ ಸೀಳುಗಂಡಿಗಳು. ಅವನ ಅಜ್ಜ ಆ ಕೋಟೆಗೆ ಹೊರಗಿನಿಂದ ಗುಂಡು ಹೊಡೆದವನು, ಅಲ್ಲಿಯೇ ಗೋಡೆಯ ಬುಡದಲ್ಲಿ ಸತ್ತವನು. ಸೈನ್ಯ ಹೋದ ಮೇಲೆ ಕೋಟೆ ಖಾಲಿ ಬಿತ್ತು. ಕೆಲವು ವರ್ಷ ಆಡುಗಳು ಇದ್ದವು. ಆಮೇಲೆ ಡಾಕ್ಟರರು ಬಂದರು. ಕ್ಷಯದವರಿಗೆ ಒಣ ಗಾಳಿ ಬೇಕು, ಊರಿನಿಂದ ದೂರ ಇರಬೇಕು ಎಂದು ಅದನ್ನೇ ಆಸ್ಪತ್ರೆ ಮಾಡಿದರು. ಸಿಪಾಯಿಗಳು ಮಲಗುವಲ್ಲಿ ರೋಗಿಗಳ ಮಂಚ ಬಂತು. ಮದ್ದುಗುಂಡಿನ ಕೋಣೆಗೆ ಬೆಳಕೇ ಹೋಗುವುದಿಲ್ಲವಲ್ಲ, ಅದು ಎಕ್ಸ್‌ರೇ ಕೋಣೆಯಾಯಿತು. ಒಂದೊಂದು ಸೀಳುಗಂಡಿಯ ಕೆಳಗೆ ಒಂದೊಂದು ಮಂಚ.

"ನನ್ನ ಅಜ್ಜ ಹೊರಗಿಂದ ಗುಂಡು ಹೊಡೆದ. ನನ್ನ ಅಪ್ಪ ಅದರ ಗೇಟು ಕಾದ. ನಾನು ಅದರ ಒಳಗೆ ಮಲಗಿ ಕೆಮ್ಮಿದೆ" ಎಂದು ಖಾನ್ ಹೇಳಿದ.

ಆ ಗುಡ್ಡಗಳಲ್ಲಿ ಮನೆಮನೆಗೂ ಹಗೆ. ರೋಗ ಹಗೆ ನೋಡಿ ಬರುವುದಿಲ್ಲ. ಕೊಂದವನ ಕಡೆಯವನೂ ಸತ್ತವನ ಕಡೆಯವನೂ ಅದೇ ಆಸ್ಪತ್ರೆಗೆ ಬರಬೇಕು. ಹಾಗಾಗಿ ಒಂದು ನಿಯಮ. ಗೇಟಿನಲ್ಲಿ ಬಂದೂಕು ಬಿಡಬೇಕು. ಖಾನನ ಅಪ್ಪ ಪ್ರತಿ ಬಂದೂಕಿಗೂ ಅವರವರ ಪೇಟದ ಬಟ್ಟೆಯಿಂದಲೇ ಒಂದು ಚಿಂದಿ ಹರಿದು ಕಟ್ಟಿ ಸಾಲಾಗಿ ನಿಲ್ಲಿಸುತ್ತಿದ್ದ. ಗೇಟಿನ ಒಳಗೆ ಇರುವಷ್ಟು ದಿನ ಯಾರೂ ಯಾರನ್ನೂ ಮುಟ್ಟುವಂತಿಲ್ಲ. ಹೊರಗೆ ಹೋದ ಮೇಲೆ ಅವರವರ ಪಾಡು. ಒಮ್ಮೆ ಮಾತ್ರ ನಿಯಮ ಮುರಿಯಿತು. ರೋಗಿಯನ್ನು ನೋಡಲು ಬಂದವನೊಬ್ಬ ರೊಟ್ಟಿಯ ಒಳಗೆ ಚೂರಿ ಇಟ್ಟು ತಂದ. ಏಳಲಾಗದೆ ಮಲಗಿದ್ದವನ ಹೊಟ್ಟೆಯನ್ನು ಮಂಚದಲ್ಲಿಯೇ ಬಗೆದ. ಓಡುವಾಗ ಖಾನನ ಅಪ್ಪ ಅವನನ್ನು ಗೇಟಿನ ಬಾಗಿಲಿನ ನಡುವೆ ಸಿಕ್ಕಿಸಿ ಎಲುಬು ಮುರಿದ. ಅವತ್ತಿನಿಂದ ಒಳಗೆ ಹೋಗುವ ಪ್ರತಿಯೊಂದು ರೊಟ್ಟಿಯನ್ನೂ ಗೇಟಿನಲ್ಲಿ ಮುರಿದು ನೋಡಿಯೇ ಬಿಡುವುದು.

ನಾನು ಬಾಯಿಯ ನೋವು ಮರೆತು ಅವನ ಕೈ ನೋಡಿದೆ.

ಖಾನನ ಅಣ್ಣನನ್ನು ಕೊಂದವನು ಜಲಾತ್ ಎಂಬವನು. ಹೊಲದ ನೀರಿನ ಕಾಲುವೆಗಾಗಿ ಕೊಂದದ್ದು, ಗುದ್ದಲಿಯಿಂದ. ಸೇಡು ಖಾನನ ಪಾಲಿಗೆ ಬಂತು. ಅವನಿಗೆ ಆಗ ಇಪ್ಪತ್ತು. ಅಷ್ಟರಲ್ಲಿ ಜಲಾತ್ ರಕ್ತ ಕಾರಿಕೊಂಡು ಕೋಟೆಯ ಒಳಗೆ ಸೇರಿದ. ಖಾನ್ ಗೇಟಿನ ಎದುರು ಒಂದು ಬಂಡೆಯ ಮೇಲೆ ಬಂದೂಕು ಇಟ್ಟುಕೊಂಡು ಕುಳಿತ. ವಾಸಿಯಾಗಿ ಹೊರಗೆ ಬರಲಿ ಎಂದು. ಹಿಮ ಬೀಳುವಾಗಲೂ ಅಲ್ಲೇ. ಅಪ್ಪ ಗೇಟಿನಿಂದ ಬಂದು ಮಗನಿಗೆ ರೊಟ್ಟಿ ಕೊಟ್ಟು ಹೋಗುತ್ತಿದ್ದ. ಒಂದು ದಿನ ಖಾನ್ ಕೆಮ್ಮಿದಾಗ ಹಿಮದ ಮೇಲೆ ಕೆಂಪು ಬಿತ್ತು. ಅಪ್ಪ ಬಂದು ಬಂದೂಕು ಕಿತ್ತುಕೊಂಡು ಮಗನ ಪೇಟದ ಚಿಂದಿ ಅದಕ್ಕೆ ಕಟ್ಟಿ ಜಲಾತನ ಬಂದೂಕಿನ ಪಕ್ಕದಲ್ಲಿ ನಿಲ್ಲಿಸಿದ. ಮಗನನ್ನು ಎಳೆದುಕೊಂಡು ಒಳಗೆ ಹಾಕಿದ. ಖಾಲಿ ಇದ್ದ ಮಂಚ ಜಲಾತನ ಪಕ್ಕದ್ದು.

"ಮಾತಾಡಿದಿರಾ?" ಎಂದು ಕೇಳಿದೆ.

"ಇಬ್ಬರಿಗೂ ಒಂದೇ ಹೊತ್ತಿಗೆ ಸೂಜಿ. ಇಬ್ಬರಿಗೂ ಒಂದೇ ಜಾಗದಲ್ಲಿ ನೋವು. ಮಾತು ಎಂತಕ್ಕೆ?"

ನಾಲ್ಕು ತಿಂಗಳಿಗೆ ಜಲಾತನ ಜ್ವರ ಬಿಟ್ಟಿತು, ಮೈ ತುಂಬಿತು. ತನಗೆ ವಾಸಿಯಾಯಿತು, ಗೋದಿ ಕೊಯ್ಲಿಗೆ ಹೋಗಬೇಕು, ಮಕ್ಕಳನ್ನು ನೋಡಬೇಕು ಎಂದು ಬಂದೂಕು ಕೇಳಿದ. ಡಾಕ್ಟರು ಬೇಡವೆಂದರು. ಖಾನನ ಅಪ್ಪ ಬೇಡವೆಂದ. ಅವನು ಕೇಳಲಿಲ್ಲ. ಖಾನ್ ತನ್ನ ಮಂಚದ ಮೇಲಿನ ಸೀಳುಗಂಡಿಯಿಂದ ನೋಡಿದ. ಜಲಾತ್ ಗುಡ್ಡ ಇಳಿದು ಹೋಗುತ್ತಿದ್ದ, ಬೆನ್ನು ಈ ಕಡೆ.

"ಅರ್ಧ ಮದ್ದು ಮಾಡಿದವನು ಏನಾಗುತ್ತಾನೆಂದು ಆ ಕೋಟೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಮದ್ರಾಸಿ. ನನಗೂ. ಎದ್ದು ಹೋಗಿ ಗೇಟಿನಲ್ಲಿ ಅವನ ಕಾಲು ಮುರಿದು ಒಳಗೆ ಮಲಗಿಸಬೇಕಿತ್ತು. ನಾನು ಏಳಲಿಲ್ಲ. ಹೋಗು, ಸಾಯಿ ಎಂದು ಸುಮ್ಮನಿದ್ದೆ. ಮುಂದಿನ ಚಳಿಗಾಲದಲ್ಲಿ ಸತ್ತ. ಅವನ ಹಿಂದೆ, ಅವನಿಂದಲೇ ರೋಗ ಹತ್ತಿ, ಅವನ ಎರಡು ಮಕ್ಕಳು. ಸಣ್ಣದು ಇಷ್ಟು." ಅವನು ಬೆಂಚಿನಿಂದ ಒಂದು ಮೊಳ ಎತ್ತರಕ್ಕೆ ಕೈ ಹಿಡಿದ, ಆ ಬೆರಳಿಲ್ಲದ ಕೈ. "ನನ್ನ ಮನೆಯವರು ಬಂದು ಬೆನ್ನು ತಟ್ಟಿದರು. ನಾನು ಗುಂಡು ಹಾರಿಸದೆ ಮೂರು ಜನರನ್ನು ಕೊಂದೆ. ಎರಡನೇ ಮಗುವನ್ನು ಹೂಳಿದ ದಿನ ಅಡುಗೆ ಮನೆಯ ಕೊಡಲಿ ತಂದು ಗೇಟಿನ ಕಲ್ಲಿನ ಮೇಲೆ ಬೆರಳಿಟ್ಟೆ."

ನರ್ಸು ನನ್ನ ಹೆಸರು ಕೂಗಿದಳು. ನಾನು ಕೂತಲ್ಲಿಂದ ಎದ್ದೆ. ಅವನು ಹಿಡಿದು ಎಳೆಯಬೇಕಾಗಲಿಲ್ಲ.

ಒಳಗಿದ್ದ ಡಾಕ್ಟರಮ್ಮ ನನ್ನ ಹೊಸ ಎಕ್ಸ್‌ರೇಯನ್ನೂ ಕಡತದಲ್ಲಿದ್ದ ಹಳೆಯದನ್ನೂ ದೀಪದ ಎದುರು ಹಿಡಿದರು. ಎರಡನ್ನೂ ನೋಡಿದರು, ನನ್ನ ಬಾಯಿ ನೋಡಿದರು. "ಇದು ಯಾರು ಮಾಡಿದ್ದು?" ಎಂದು ಹಿಂದಿಯಲ್ಲಿ ಕೇಳಿದರು.

"ನಾನು" ಎಂದ ಖಾನ್. "ಎದೆ ನೀವು ನೋಡಿ. ಹಲ್ಲು ನನ್ನದು."

ಸದಾನಂದ ಮೂಲೆಯಲ್ಲಿ ನಿಂತು ಮೈಯಿಂದ ಮರಳು ಉದುರಿಸುತ್ತಿದ್ದ. ಅವನ ಎದೆಯ ಎಕ್ಸ್‌ರೇಯನ್ನು ಅವನದೇ ಹೆಸರಿನಲ್ಲಿ ಮತ್ತೊಮ್ಮೆ ತೆಗೆದರು. ಎದೆ ಗಟ್ಟಿಯೇ ಇತ್ತು.

ನನ್ನನ್ನು ವಾರ್ಡಿನಲ್ಲಿ ಮಲಗಿಸಿದರು. ಕಂಪೆನಿಯ ಮ್ಯಾನೇಜರಿಗೆ ವಿಷಯ ತಿಳಿದು, ಇವನನ್ನು ಮೊದಲ ವಿಮಾನಕ್ಕೆ ಹತ್ತಿಸಿ ಎಂದನಂತೆ. ಖಾನ್ ಆಫೀಸಿಗೆ ಹೋಗಿ ತನ್ನ ಸುತ್ತಿಗೆಯನ್ನು ಮೇಜಿನ ಗಾಜಿನ ಮೇಲೆ ಇಟ್ಟ. ಇಟ್ಟನೋ ಹೊಡೆದನೋ, ಗಾಜು ಒಡೆಯಿತು ಎಂದು ಆಫೀಸಿನವರು ಹೇಳಿದ್ದು. "ಮದ್ದು ಮುಗಿಯುವ ತನಕ ಇವನು ಇಲ್ಲಿ ಇರುತ್ತಾನೆ. ಕಳಿಸಿದರೆ ನನ್ನ ನಲವತ್ತು ಜನ ನೆಲದಿಂದ ಏಳುವುದಿಲ್ಲ" ಎಂದ. ಮ್ಯಾನೇಜರು ಪೊಲೀಸು ಕರೆಯುತ್ತೇನೆಂದ, ಕೂಗಾಡಿದ, ಕೊನೆಗೆ ಆಸ್ಪತ್ರೆಯಿಂದ ಕಾಗದ ತಂದರೆ ನೋಡುವ ಎಂದ. ಎರಡು ತಿಂಗಳ ಮೇಲೆ, ಕಫದಲ್ಲಿ ಏನೂ ಇಲ್ಲ, ಇನ್ನು ಯಾರಿಗೂ ಹರಡುವುದಿಲ್ಲ ಎಂದು ಡಾಕ್ಟರಮ್ಮ ಬರೆದುಕೊಟ್ಟರು. ನಾನು ಕ್ಯಾಂಪಿಗೆ ಮರಳಿದೆ. ಸ್ಟೋರಿನಲ್ಲಿ ಕೂತು ಮೊಳೆ ತೂಕ ಮಾಡುವ ಕೆಲಸ.

ಒಟ್ಟು ಒಂಬತ್ತು ತಿಂಗಳ ಮದ್ದು. ಗಿರಿಜ ಪ್ರವೀಣನನ್ನು ಹೊತ್ತಷ್ಟೇ ದಿನ ನಾನು ಅವನಿಗಾಗಿ ಮಾತ್ರೆ ನುಂಗಿದೆ. ಕ್ಯಾಂಪಿಗೆ ಬಂದ ಮೇಲೆ ದಿನಾ ಬೆಳಿಗ್ಗೆ ಊಟದ ಶೆಡ್ಡಿನ ಬಾಗಿಲಲ್ಲಿ, ಪೆಟ್ಟಿಗೆಯ ಪಕ್ಕ, ಖಾನ್ ಕೈಯಲ್ಲಿ ಮಾತ್ರೆ ಹಿಡಿದು ನಿಲ್ಲುತ್ತಿದ್ದ. "ಬಾಯಿ ತೆಗೆ. ನಾಲಿಗೆ ಎತ್ತು. ಆ ಕಡೆ. ಈ ಕಡೆ." ಸಾಲಿನಲ್ಲಿ ನಿಂತವರು, "ಖಾನ್ ಭಾಯ್, ಕುದುರೆಗೆ ಎಷ್ಟು ವಯಸ್ಸು?" ಎಂದು ನಗುತ್ತಿದ್ದರು. "ಎರಡು ಹಲ್ಲು ಕಡಿಮೆ, ಲೆಕ್ಕ ಸಿಗುವುದಿಲ್ಲ" ಎನ್ನುತ್ತಿದ್ದ ಅವನು. ವಾರ್ಡಿನಲ್ಲಿ ಮೊದಲ ದಿನ ಮೂತ್ರ ಕೆಂಪಾದಾಗ ನಾನು ಸತ್ತೆ ಎಂದೇ, ನೋಡಲು ಬಂದಿದ್ದ ಅವನ ಹತ್ತಿರ ಓಡಿದ್ದೆ. ಮಾತ್ರೆಯ ಬಣ್ಣ ಎಂದು ತಿಳಿಸಿ ಹೇಳುವ ಮೊದಲು ಒಂದು ಏಟು ಕೊಟ್ಟ. ಮೂರನೇ ತಿಂಗಳಿಗೆ ನನಗೂ ಮೈ ತುಂಬಿತು, ಹಸಿವಾಯಿತು. ಇನ್ನು ಸಾಕು, ಊರಿಗೆ ಹೋಗುತ್ತೇನೆ ಎಂದು ಒಮ್ಮೆ ಬಾಯಿಯವರೆಗೆ ಬಂತು. ಅವನ ಕೈ ನೋಡಿದೆ. ನಾಲಿಗೆ ಎತ್ತಿದೆ.

ನಾನು ಊರಿಗೆ ಹೋದಾಗ ಪ್ರವೀಣನಿಗೆ ಒಂದೂವರೆ ವರ್ಷ. ಹಲ್ಲಿಲ್ಲದ ಅಪರಿಚಿತನನ್ನು ಕಂಡು ಕಿರುಚಿ ಅಜ್ಜಿಯ ಸೆರಗು ಹಿಡಿದ. ನನಗೆ ಆ ಕಿರುಚಾಟ ಕೇಳಿ ಎಷ್ಟು ಸಂತೋಷವಾಯಿತೆಂದರೆ ಅಂಗಳದಲ್ಲಿಯೇ ಕುಳಿತುಬಿಟ್ಟೆ. ಅಂಥ ಗಟ್ಟಿ ಎದೆ ಅವನದು. ಮೊನ್ನೆ ಲೇಬರ್ ರೂಮಿನ ಹೊರಗೆ ನಿಂತಾಗ ಒಳಗಿಂದ ಕೇಳಿದ್ದೂ ಅದೇ ಕಿರುಚಾಟ.

ಖಾನ್ ಹೋದದ್ದು ಅದಾಗಿ ಮೂರು ವರ್ಷಕ್ಕೆ. ಅವನ ಅಪ್ಪ ತೀರಿಕೊಂಡ ಸುದ್ದಿ ಬಂತು. ಆಗ ಅವರ ಗಡಿಯ ಆಚೆ ಯುದ್ಧ ನಡೆಯುತ್ತಿತ್ತು, ಗುಡ್ಡ ತುಂಬ ಹೊಸ ಬಂದೂಕುಗಳು. ಕೋಟೆಯ ಗೇಟಿನಲ್ಲಿ ಯಾರೂ ಇಲ್ಲದೆ ಜನ ಅವನ್ನು ಹಿಡಿದುಕೊಂಡೇ ವಾರ್ಡಿನೊಳಗೆ ಹೋಗುತ್ತಿದ್ದಾರೆಂದು ಊರಿನಿಂದ ಬಂದವನು ಹೇಳಿದನಂತೆ. ಖಾನ್ ಆ ವಾರವೇ ಕೆಲಸ ಬಿಟ್ಟ. ನಾನೂ ಸದಾನಂದನೂ ಏರ್‌ಪೋರ್ಟಿಗೆ ಹೋದೆವು. ಅವನ ಕೈಯಲ್ಲಿ ಒಂದು ಚೀಲ ಬಿಟ್ಟರೆ ಏನೂ ಇಲ್ಲ.

"ಅಲ್ಲಿ ಎಲ್ಲರ ಕೈಯಲ್ಲೂ ಮಷಿನ್ ಗನ್ ಅಂತೆ ಖಾನ್ ಸಾಬ್. ನೀವು ಒಬ್ಬರೇ ಎಂತ ಮಾಡ್ತೀರಿ?" ಎಂದು ಸದಾನಂದ ಕೇಳಿದ.

"ಚಿಂದಿ ಕಟ್ಟುತ್ತೇನೆ" ಎಂದ.

ಕಬ್ಬಿಣದ ಪೆಟ್ಟಿಗೆಯ ಬೀಗದ ಕೈಯನ್ನು ನನಗೆ ಕೊಟ್ಟ. ಆಮೇಲೆ ಅಲ್ಲಿಯೇ, ಅಷ್ಟು ಜನರ ನಡುವೆ, "ಬಾಯಿ ತೆಗೆ" ಎಂದ. ತೆಗೆದೆ. ನಾಲಿಗೆಯನ್ನೂ ಎತ್ತಿದೆ. ನೋಡಿ ತಲೆಯಾಡಿಸಿ ಒಳಗೆ ಹೋದ.

ಕಾಗದ ಬರೆಯುವವನಲ್ಲ. ನನಗೂ ಅವನ ಊರಿನ ವಿಳಾಸ ಗೊತ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ, ನಾನು ಕೆಲಸ ಬಿಟ್ಟು ಊರಿಗೆ ಹೋಗುವ ಮೊದಲು, ಮನಾಮದ ಒಂದು ರೊಟ್ಟಿ ಬೇಕರಿಯಲ್ಲಿ ಆ ಗುಡ್ಡಗಳ ಕಡೆಯವನೊಬ್ಬ ಸಿಕ್ಕಿದ. ಕೋಟೆಯ ಆಸ್ಪತ್ರೆ ಗೊತ್ತೇ ಎಂದೆ. ಗೊತ್ತು ಎಂದ. ಒಮ್ಮೆ ಏಳೆಂಟು ಜನ ಬಂದೂಕು ಹಿಡಿದು ಒಬ್ಬ ರೋಗಿಯನ್ನು ಕೊಲ್ಲಲು ಬಂದರಂತೆ. ಗೇಟಿನ ಮುದುಕ ಬಂದೂಕು ಇಟ್ಟು ಹೋಗಿ ಎಂದನಂತೆ. ಅಡ್ಡ ನಿಂತವನನ್ನು ಅಲ್ಲಿಯೇ ಹೊಡೆದರಂತೆ. ಗುಂಡಿನ ಸದ್ದಿಗೆ ಒಳಗಿನವರು ಎರಡನೇ ಬಾಗಿಲು ಹಾಕಿಕೊಂಡರು, ರೋಗಿ ಉಳಿದ.

"ಮುದುಕನ ಹೆಸರು?"

"ಗೊತ್ತಿಲ್ಲ."

"ಗಡ್ಡಕ್ಕೆ ಮದರಂಗಿ ಇತ್ತೇ?"

"ನಮ್ಮಲ್ಲಿ ಎಲ್ಲ ಮುದುಕರ ಗಡ್ಡಕ್ಕೂ ಮದರಂಗಿ ಇರುತ್ತದೆ ಭಾಯ್."

ಬೆರಳಿನ ವಿಷಯ ಕೇಳಬಹುದಿತ್ತು. ಕೇಳಲಿಲ್ಲ. ಖುಬ್ಬೂಸಿನ ಕಟ್ಟು ತೆಗೆದುಕೊಂಡು ಬಂದೆ.

ಇಷ್ಟು ಬರೆಯುವುದರೊಳಗೆ ಮಗು ಎರಡು ಸಲ ಎದ್ದಿತು. ಎರಡು ಸಲವೂ ನಾನೇ ಮೊದಲು ಓಡಿದ್ದು. ಇಲ್ಲೇ ಮನಾಮದ ಜಿಂಜ್‌ನಲ್ಲಿರುವ ಮಗಳು ಲತಾ ಗಂಡನನ್ನೂ ಮಗ ಧ್ರುವನನ್ನೂ ಕರೆದುಕೊಂಡು ಬಂದಿದ್ದಾಳೆ. ಸುಮಳ ಅಮ್ಮ ಬಾಣಂತಿಗೆ ಬೆಳ್ಳುಳ್ಳಿ ಕಾಳುಮೆಣಸಿನ ಸಾರು ಮಾಡಿದ್ದಾರೆ. ನಮಗೆ ಕೋಳಿ ಸಾರು. ಬೇಕರಿಯಿಂದ ಪ್ರವೀಣ ಬಿಸಿ ಖುಬ್ಬೂಸು ತಂದಿದ್ದಾನೆ. ಗಿರಿಜ ಅಡುಗೆ ಮನೆಯಿಂದ, "ಹ್ವಾಯ್, ಬರ್ದದ್ ಸಾಕ್. ಉಂಬುಕೆ ಬನ್ನಿ" ಎಂದು ಕರೆದಳು.

ಹಾಲ್‌ನಲ್ಲಿ ಬಟ್ಟೆ ಹಾಸಿ ಎಲ್ಲರೂ ನೆಲಕ್ಕೆ ಕುಳಿತೆವು. ಸುಮಳೂ ಗೋಡೆಗೆ ಒರಗಿ ಕುಳಿತಳು, ಮಗು ಅವಳ ತೊಡೆಯ ಮೇಲೆ. ಲಿಂಬೆ ಹೆಚ್ಚಿದ ಚೂರಿ ತಟ್ಟೆಯ ಪಕ್ಕ ಇತ್ತು. ಅದನ್ನು ಎತ್ತಿ ಅಡುಗೆ ಮನೆಯಲ್ಲಿಟ್ಟು ಬಂದೆ. ಆಮೇಲೆ ಖುಬ್ಬೂಸಿನ ಕಟ್ಟು ನನ್ನ ಮುಂದೆ ಎಳೆದುಕೊಂಡೆ.

"ಅಜ್ಜ ವೈ ಡು ಯೂ ಆಲ್ವೇಸ್ ಬ್ರೇಕ್ ಇಟ್?" ಎಂದು ಧ್ರುವ ಕೇಳಿದ.

"ಅಪ್ಪ ನನಗೆ ಇಡೀ ರೊಟ್ಟಿ ಕೊಟ್ಟದ್ದೇ ಇಲ್ಲ ಮಾರಾಯ" ಎಂದು ಪ್ರವೀಣ ನಕ್ಕ.

"ಒಳಗೆ ಏನಾದರೂ ಉಂಟೋ ಅಂತ ನೋಡ್ಲಿಕ್ಕೆ ಮಗಾ" ಎಂದೆ.

ಒಂದೊಂದನ್ನೂ ನಡುವೆ ಮುರಿದೆ. ಸುಮಳ ಅಮ್ಮನಿಗೆ, ಲತಾಳಿಗೆ, ಅಳಿಯನಿಗೆ, ಧ್ರುವನಿಗೆ, ಗಿರಿಜಳಿಗೆ, ಪ್ರವೀಣನಿಗೆ, ಸುಮಳಿಗೆ. ಮುರಿದಾಗಲೆಲ್ಲ ಬಿಸಿ ಹಬೆ ಎದ್ದು ನನ್ನ ಮುಖಕ್ಕೆ ತಾಗುತ್ತಿತ್ತು. ಒಳಗೆ ಬೇರೆ ಏನೂ ಇರಲಿಲ್ಲ. ಎಲ್ಲರೂ ಉಂಡರು.